ದಿನಕ್ಕೊಂದೇ ಹೋಳು

ತರಕಾರಿ ಮಂಡಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕುರುಮಣ್ಣ. ಅವನು ಸೌತೆಕಾಯಿ ಕಚ್ಚಿದರೆ ಕುರುಂ ಎನ್ನುವ ಸದ್ದು ನಾಲ್ಕು ಅಂಗಡಿಯ ಆಚೆಗೂ ಕೇಳುತ್ತದೆ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಇಪ್ಪತ್ತೆಂಟು ವರ್ಷ ಅಂಟಿಕೊಂಡೇ ಉಳಿದಿತ್ತು. ಅವನೂ ಬೇಜಾರು ಮಾಡಿಕೊಂಡವನಲ್ಲ. ಕಚ್ಚುವುದೇ ಹೊಟ್ಟೆಪಾಡಾದವನಿಗೆ ಅದಕ್ಕಿಂತ ಒಪ್ಪುವ ಹೆಸರನ್ನು ಎಲ್ಲಿಂದ ತರುವುದು?

ಅವನ ಕೆಲಸ ಹೇಳಲು ಸುಲಭ. ಬೆಳಿಗ್ಗೆ ಬೆಳೆಗಾರರು ತಂದಿಳಿಸಿದ ಮರದ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಬ್ಬೊಬ್ಬರ ಮಾಲಿನಿಂದ ಒಂದು ಕಾಯಿ ಎತ್ತಿ, ತೊಟ್ಟಿನ ಕಡೆ ಮುರಿದು, ಕಚ್ಚಿ, ಅಗಿದು, ನುಂಗಿ, ಆಮೇಲೆ ಪೆಟ್ಟಿಗೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಒಂದು ಗೆರೆ ಎಂದರೆ ಮೊದಲ ದರ್ಜೆ. ಎರಡು ಗೆರೆ ನಡುವಿನದು. ಮೂರಾದರೆ ಬೇಯಿಸುವ ಅಡುಗೆಮನೆಗಳಿಗೆ ಮಾತ್ರ. ಕತ್ತರಿ ಗುರುತು ಬಿದ್ದರೆ ದನದ ಪಾಲು. ಸೌತೆಕಾಯಿ ಹೆಚ್ಚು, ಜೊತೆಗೆ ಕ್ಯಾರೆಟ್ಟು, ಮೂಲಂಗಿ, ನವಿಲುಕೋಸು. ಹರಾಜು ಶುರುವಾಗುವ ಹೊತ್ತಿಗೆ ಎಪ್ಪತ್ತು ಮಾಲು ಅವನ ಗಂಟಲಿನಿಂದ ಇಳಿದಿರುತ್ತಿತ್ತು. ಕೊಳ್ಳುವವರು ಕಾಯಿಯನ್ನು ನೋಡುತ್ತಿರಲಿಲ್ಲ, ಗೆರೆ ನೋಡಿ ಕೂಗುತ್ತಿದ್ದರು.

ಆ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು, ಅವನ ಸೋದರಮಾವ ಹಾಕಿಕೊಟ್ಟದ್ದು. ಕಚ್ಚಿದ್ದನ್ನು ಉಗಿಯುವ ಹಾಗಿಲ್ಲ. ಬೆಳೆದವರು ಎದುರಿಗೇ ನಿಂತಿರುತ್ತಾರೆ, ಅವರ ಬೆವರಿನ ವಸ್ತುವನ್ನು ಅವರ ಮುಖದ ಮುಂದೆ ಉಗಿಯುವುದು ಕಪಾಳಕ್ಕೆ ಹೊಡೆದ ಹಾಗೆ ಎಂದು ಮಾವ ಹೇಳುತ್ತಿದ್ದ. ಇನ್ನೊಂದು ಕಾರಣ ಮರ್ಯಾದೆಯದಲ್ಲ, ಕಸುಬಿನದು. ದೊಡ್ಡ ಕಹಿಯನ್ನು ನಾಲಗೆಯೇ ಹೇಳಿಬಿಡುತ್ತದೆ. ಸಣ್ಣ ಕಹಿ, ಅಂದರೆ ಮನೆಗೊಯ್ದು ಹೆಚ್ಚಿ ತಟ್ಟೆಗಿಟ್ಟ ಮೇಲೆ ತಿನ್ನುವವರು ಮುಖ ಸಿಂಡರಿಸುವಂಥ ಕಹಿ, ನುಂಗಿದ ಮೇಲೆ ಗಂಟಲಿನಲ್ಲಿ ಮೆಲ್ಲಗೆ ಏಳುತ್ತದೆ. ಉಗಿಯುವವನಿಗೆ ಅದು ಗೊತ್ತಾಗುವುದೇ ಇಲ್ಲ. ಹೀಗೆ ಇಪ್ಪತ್ತೆಂಟು ವರ್ಷ ಅವನು ಕಹಿ, ಒಗರು, ಚಪ್ಪೆ, ಬೆಂಡು ಎಲ್ಲವನ್ನೂ ಮುಖ ಕೆಡಿಸಿಕೊಳ್ಳದೆ ನುಂಗಿದ. ಅವನ ಗೆರೆಯನ್ನು ಯಾರೂ ಅಳಿಸಿದ್ದಿಲ್ಲ.

ಇನ್ನು ಮೈ. ಹಸಿ ತರಕಾರಿ ತಿಂದು ಯಾರೂ ಊದುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ, ನಿಜವೇ. ಆದರೆ ಎಪ್ಪತ್ತು ಸಲ ಕಚ್ಚಿ ಬಾಯಿ ಹುಲ್ಲು ತಿಂದ ಹಾಗಾದವನಿಗೆ ಆಮೇಲೆ ಏನು ಬೇಕೆನಿಸುತ್ತದೆ ಎಂಬುದನ್ನು ಬಲ್ಲವರು ಕೇಳಿದ್ದಿಲ್ಲ. ಹರಾಜು ಮುಗಿದದ್ದೇ ಬೆಣ್ಣೆ ಸವರಿದ ಬನ್ನು, ಎಣ್ಣೆಯಲ್ಲಿ ಕರಿದದ್ದು, ಸಕ್ಕರೆ ಸುರಿದ ಚಹಾ. ಐವತ್ತು ದಾಟುವ ಹೊತ್ತಿಗೆ ನೂರ ನಲವತ್ತೆರಡು ಕೆಜಿ. ಮಂಡಿಯ ದೊಡ್ಡ ತಕ್ಕಡಿಯ ಮೇಲೆ ಅವನನ್ನು ಹತ್ತಿಸಿ ನೋಡುವುದು ಹಮಾಲರಿಗೆ ಒಂದು ಮೋಜು. ಅವನೂ ನಗುತ್ತಿದ್ದ. ನಗು ನಿಂತದ್ದು ಕುಕ್ಕರುಗಾಲಿನಲ್ಲಿ ಕೂತವನು ಏಳಲಾಗದೆ ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದ ದಿನ. ಅಂದಿನಿಂದ ಪೆಟ್ಟಿಗೆಗಳನ್ನು ಅವನಿಗಾಗಿ ಮೇಜಿನ ಮೇಲೆ ಎತ್ತಿ ಇಡಬೇಕಾಯಿತು. ಎರಡು ವರ್ಷ ಎತ್ತಿಟ್ಟರು, ಗೊಣಗುತ್ತ. ಮಂಡಿಯ ಯಜಮಾನರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ತಮ್ಮ ಭಾವಮೈದನನ್ನು ಅವನ ಪಕ್ಕಕ್ಕೆ ಸ್ಟೂಲು ಹಾಕಿ ಕೂರಿಸಿದರು. ಕುರುಮಣ್ಣನಿಗೆ ಅರ್ಥವಾಯಿತು. ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್ನಿಗೆ ಅವನು ಒಪ್ಪಿದ್ದು ಆಯಸ್ಸಿನ ಆಸೆಗಲ್ಲ, ಮತ್ತೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಲು.

ಆಸ್ಪತ್ರೆಯಲ್ಲಿ ಒಂದು ಫಾರಂ ತುಂಬಿಸಿಕೊಂಡರು. ಉದ್ಯೋಗ ಎಂಬಲ್ಲಿ ಅವನು ತರಕಾರಿ ಮಂಡಿ ಎಂದು ಬರೆಸಿದ. ಯಾವುದನ್ನು ಯಾವಾಗ ತಿನ್ನಬೇಕೆಂದು ಹೇಳುವ ಪಥ್ಯದ ಮೇಡಂ ಅದನ್ನು ಓದಿ ಖುಷಿಪಟ್ಟು, ಒಳ್ಳೆಯದೇ ಆಯಿತು, ತರಕಾರಿಗೆ ನಿಮಗೇನೂ ಕಷ್ಟವಿಲ್ಲ ಎಂದರು. ಅವನು ಬನ್ನಿನ ವಿಷಯ ಕೇಳಿದ, ಸಕ್ಕರೆ ಕೇಳಿದ, ಚಹಾ ಕೇಳಿದ, ಕರಿದದ್ದನ್ನು ವರ್ಷಕ್ಕೊಂದು ಸಲವಾದರೂ ಮುಟ್ಟಬಹುದೇ ಎಂದು ಕೇಳಿದ. ಹಸಿ ಸೌತೆಕಾಯಿಯ ವಿಷಯ ಕೇಳಲಿಲ್ಲ. ಅವನ ಮಟ್ಟಿಗೆ ಅದು ತಿನ್ನುವ ವಸ್ತುವೇ ಅಲ್ಲ, ಕೆಲಸ. ಬಡಗಿ ಡಾಕ್ಟರ ಹತ್ತಿರ ಹೋಗಿ ಉಳಿ ಹಿಡಿಯಬಹುದೇ ಎಂದು ಕೇಳುತ್ತಾನೆಯೇ?

ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ಪಥ್ಯದ ಹಾಳೆಯನ್ನು ಹೆಂಡತಿ ಗಟ್ಟಿಯಾಗಿ ಓದಿದಳು. ಎರಡು ವಾರ ನೀರಾದದ್ದು. ಆಮೇಲೆ ಅರೆದದ್ದು. ಆಮೇಲೆ ಮೆತ್ತಗೆ ಬೇಯಿಸಿದ್ದು. ಹಾಳೆಯ ತುದಿಯಲ್ಲಿ, ಎಲ್ಲಕ್ಕಿಂತ ಕೊನೆಗೆ, ಹಸಿ ತರಕಾರಿ: ಮೂರು ತಿಂಗಳು ತುಂಬಿದ ಮೇಲೆ, ಸಿಪ್ಪೆ ಬೀಜ ತೆಗೆದ ಸೌತೆಕಾಯಿ, ಹೆಬ್ಬೆರಳ ಉಗುರಿನಷ್ಟು, ದಿನಕ್ಕೊಂದೇ ಹೋಳು, ಮೂವತ್ತು ಸಲ ಅಗಿದು. ಅವನು ಇನ್ನೊಮ್ಮೆ ಓದು ಎಂದ. ಅವಳು ಇನ್ನೊಮ್ಮೆ ಓದಿದಳು. ಬಾಳೆಹಣ್ಣಿನಷ್ಟು ಉಳಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವನು ಗೋಡೆ ನೋಡುತ್ತ ಕೂತ.

ಹೆಂಡತಿ ಸಿದ್ಧ ಉಡುಪಿನ ಅಂಗಡಿಯಲ್ಲಿ ಬಟ್ಟೆಗಳ ಅಳತೆ ಸರಿಮಾಡುವವಳು. ಗಂಡ ಇಳಿಯುತ್ತಿದ್ದಂತೆ ವಾರಕ್ಕೊಮ್ಮೆ ಅವನ ಅಂಗಿಗಳನ್ನು ಹಿಡಿದು ಹೊಲಿಯುತ್ತಿದ್ದಳು. ಆದರೆ ಒಳಗೆ ಮಡಚಿದ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ. ಎರಡೂ ಪಕ್ಕೆಯಲ್ಲಿ ಬಟ್ಟೆ ಗಂಟಿನ ಹಾಗೆ ಒತ್ತುತ್ತದೆ, ಕತ್ತರಿಸಬಾರದೇ ಎಂದು ಅವನು ಕೇಳಿದ್ದಕ್ಕೆ, “ಇರ್ಲಿ ಬಿಡ್ರಿ. ಕತ್ತರಿಸಿಬಿಟ್ರೆ ಆಮೇಲೆ ಸೇರ್ಸೋಕೆ ಬರಲ್ಲ” ಎಂದಳು. ಹೊಟ್ಟೆ ಕತ್ತರಿಸಿದವರು ಈ ಮಾತನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ.

ಏಳನೆಯ ವಾರ ಯಜಮಾನರೇ ಫೋನು ಮಾಡಿದರು. ಭಾವಮೈದನ ಗೆರೆಗಳಿಂದ ಬೆಳಿಗ್ಗೆಗೆ ಎರಡು ಜಗಳ ಆಗುತ್ತಿತ್ತು. ಅವನು ಮೂರು ಮಾಲಿಗೊಂದು ಕಚ್ಚಿ ಉಳಿದದ್ದಕ್ಕೆ ಅಂದಾಜಿನಲ್ಲಿ ಎಳೆಯುತ್ತಾನೆಂದು ಮಂಡಿಗೆಲ್ಲ ಗೊತ್ತಾಗಿತ್ತು. ಕುರುಮಣ್ಣ ಹೋದ. ಮೂವತ್ತು ಕೆಜಿ ಇಳಿದವನನ್ನು ಕಂಡು ಜನ ಬಾಯಿ ಮೇಲೆ ಬೆರಳಿಟ್ಟರು. ಪಿತ್ತಕೋಶದ ಕಲ್ಲು ತೆಗೆಸಿದೆ ಎಂದು ಅವನು ಸುಳ್ಳು ಹೇಳಿದ. ತಿನ್ನುವುದನ್ನು ನಿಲ್ಲಿಸಲಾಗದೆ ಹೊಟ್ಟೆ ಕೊಯ್ಸಿಕೊಂಡ ಎಂದು ಹಮಾಲರು ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಮೇಜನ್ನು ಪಕ್ಕಕ್ಕೆ ಸರಿಸಿ ಅವನು ನೆಲದ ಮೇಲಿನ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೊಣಕಾಲು ಚೀರಲಿಲ್ಲ. ಎಷ್ಟು ವರ್ಷದ ಮೇಲೆ! ಆ ಒಂದು ಗಳಿಗೆ ಅವನಿಗೆ ಎಲ್ಲವೂ ಸರಿಹೋಯಿತು ಅನಿಸಿತು.

ಆಮೇಲೆ ಮೊದಲ ಕಾಯಿ ಕಚ್ಚಿದ, ಅಗಿದ, ನುಂಗಲಾರದೆ ಕೂತ. ಬೆಳೆಗಾರ ಎದುರಿಗೆ ನಿಂತಿದ್ದ. ಹೆಗಲ ಮೇಲಿನ ಟವೆಲ್ಲನ್ನು ಮೂಗು ಒರೆಸುವವನ ಹಾಗೆ ಬಾಯಿಗೆ ಹಿಡಿದು, ಅಗಿದದ್ದನ್ನು ಅದರೊಳಕ್ಕೆ ಬಿಟ್ಟು, ಸೀಮೆಸುಣ್ಣ ಎತ್ತಿಕೊಂಡ. ಯಾವ ಗೆರೆ? ನಾಲಗೆ ಏನೋ ಹೇಳುತ್ತಿತ್ತು, ಗಂಟಲು ಸುಮ್ಮನಿತ್ತು. ಎರಡು ಗೆರೆ ಎಳೆದ. ಮುಂದಿನದಕ್ಕೂ ಎರಡು. ಅದರ ಮುಂದಿನದಕ್ಕೂ ಎರಡು. ಗೊತ್ತಿಲ್ಲದವನಿಗೆ ನಡುವಿನ ದರ್ಜೆಯಂಥ ಆಸರೆ ಇನ್ನೊಂದಿಲ್ಲ. ಹತ್ತು ದಿನದಲ್ಲಿ ಒಳ್ಳೆಯ ಮಾಲಿನವರು ಗೊಣಗತೊಡಗಿದರು, ಕೆಟ್ಟ ಮಾಲಿನವರು ಬಂದು ಅವನ ಆರೋಗ್ಯ ವಿಚಾರಿಸಿಕೊಂಡು ಹೋದರು.

ಸಿಕ್ಕಿಬಿದ್ದದ್ದು ಸೌತೆಕಾಯಿ ಅಜ್ಜಿಯ ಕೈಗೆ. ಇಪ್ಪತ್ತು ವರ್ಷದಿಂದ ತನ್ನ ತೋಟದ ಕಾಯಿಯನ್ನು ಕೈಗಾಡಿಯಲ್ಲಿ ತಾನೇ ತಳ್ಳಿಕೊಂಡು ಬರುವ ಮುದುಕಿ, ಮಾತು ಕಡಿಮೆ. ಆ ದಿನ ಅವಳ ಆರು ಪೆಟ್ಟಿಗೆಗೂ ಎರಡು ಗೆರೆ ಬಿದ್ದಿತ್ತು. ಖಾಲಿ ಬುಟ್ಟಿ ಹುಡುಕುತ್ತ ಅವಳು ಪೆಟ್ಟಿಗೆಗಳ ರಾಶಿಯ ಹಿಂದಕ್ಕೆ ಬಂದಾಗ, ಕುರುಮಣ್ಣ ಮೋರಿಯ ಮುಂದೆ ಬಗ್ಗಿ ಟವೆಲ್ಲು ಕೊಡವುತ್ತಿದ್ದ. ಅಗಿದ ಹಸಿರು ಮುದ್ದೆಗಳು ನೀರಿನಲ್ಲಿ ತೇಲಿಹೋಗುತ್ತಿದ್ದವು.

“ಇದ್ರಲ್ಲಿ ನಂದೂ ಇದೆಯಾ?” ಎಂದಳು ಅಜ್ಜಿ.

ಅವನು ಕಲ್ಲಿನ ಕಥೆಯನ್ನು ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. ಅಜ್ಜಿ ಕೂಗಾಡಲಿಲ್ಲ. “ಕಹಿ ಇದ್ದಾಗ್ಲೂ ನುಂಗಿ ಹೇಳ್ತಿದ್ದೆ ನೀನು. ಅದಕ್ಕೇ ನಾನು ಬೇರೆ ಕಡೆ ಹೋಗ್ಲಿಲ್ಲ” ಎಂದು ಹೇಳಿ, ಆರು ಪೆಟ್ಟಿಗೆಗಳ ಗೆರೆಯನ್ನೂ ಅಂಗೈಯಲ್ಲಿ ಒರೆಸಿ, ಮಾಲನ್ನು ಮಾರದೆ ವಾಪಸು ತಳ್ಳಿಕೊಂಡು ಹೋದಳು. ಅವನ ಗೆರೆಯನ್ನು ಒಬ್ಬರು ಅಳಿಸಿದ್ದು ಅದೇ ಮೊದಲು. ಅವನಿಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು.

ಸುದ್ದಿ ಹಬ್ಬಲು ಒಂದು ಬೆಳಿಗ್ಗೆ ಸಾಕಾಯಿತು. ಕುರುಮಣ್ಣ ಉಗಿಯುತ್ತಾನಂತೆ ಎಂದು ಬೆಳೆಗಾರರು ಅವನ ಕಣ್ಣೆದುರೇ ಮೂಗು ಮುರಿದರು. ಗುರುವಾರ ಯಜಮಾನರು ಕರೆದರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಅವರ ಮಂಡಿ ನಿಂತದ್ದು ಗೆರೆಯ ಮೇಲೆ. “ನುಂಗೋದಾದ್ರೆ ಸೋಮವಾರ ಬಂದು ಕೂತ್ಕೋ. ಇಲ್ಲಾಂದ್ರೆ ಗೇಟಲ್ಲಿ ಗಾಡಿ ನಂಬರ್ ಬರ್ಕೊಂಡಿರು” ಎಂದರು. ಮೂರು ದಿನ ರಜೆ ಅವರೇ ಕೊಟ್ಟರು.

ಮೂರು ತಿಂಗಳು ತುಂಬಲು ಇನ್ನೂ ನಾಲ್ಕು ವಾರ ಇತ್ತು. ಆದರೆ ಸೋಮವಾರಕ್ಕೆ ಇದ್ದದ್ದು ಮೂರೇ ದಿನ. ಶುಕ್ರವಾರ ಹೆಂಡತಿ ಅಂಗಡಿಗೆ ಹೋದದ್ದೇ ತಡ, ಅವನು ಸೌತೆಕಾಯಿಯ ಒಂದು ಸಣ್ಣ ಹೋಳನ್ನು ಹೆರೆದು ಅಗಿದು ನುಂಗಿದ. ಉಸಿರು ಬಿಗಿಹಿಡಿದು ಕಾದ. ಇಳಿಯಿತು. ನಲವತ್ತೊಂಬತ್ತು ದಿನ ಅರೆದದ್ದು, ಬೆಂದದ್ದು, ಮೆತ್ತಗಿನದು ನುಂಗಿದ ಗಂಟಲಿಗೆ ಆ ಹಸಿ ತಂಪು ತಾಗಿದಾಗ ಅವನ ಕಣ್ಣಲ್ಲಿ ನೀರು ಬಂತು. ಶನಿವಾರ ಸಿಪ್ಪೆ ಸಮೇತ ತಿಂದ. ಎದೆ ಸ್ವಲ್ಪ ಬಿಗಿಯಿತು, ಆಮೇಲೆ ಬಿಟ್ಟಿತು. ಅಷ್ಟಕ್ಕೇ ಅವನಿಗೆ ಧೈರ್ಯ ತಲೆಗೇರಿತು. ಭಾನುವಾರವೂ ಅಂಗಡಿ ತೆರೆದೇ ಇರುತ್ತದೆ, ಅವಳು ಹೋದಳು. ಅವನು ಕ್ಯಾರೆಟ್ಟು ತೆಗೆದುಕೊಂಡು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮಂಡಿಯಲ್ಲಿ ಕಚ್ಚುವ ಹಾಗೆ ಕಚ್ಚಿ, ಮಂಡಿಯಲ್ಲಿ ಅಗಿಯುವಷ್ಟೇ ಅಗಿದು, ನುಂಗಿದ.

ಅದು ಎದೆಯ ನಡುವೆ ನಿಂತಿತು. ನೀರು ಕುಡಿದ, ನೀರೂ ಅದರ ಮೇಲೇ ನಿಂತು ವಾಪಸು ಬಂತು. ಬಾಯಲ್ಲಿ ಎಂಜಲು ನೊರೆನೊರೆಯಾಗಿ ಉಕ್ಕತೊಡಗಿತು. ಮಧ್ಯಾಹ್ನ ಹೆಂಡತಿ ಬಂದಾಗ ಅವನು ಸಿಂಕಿನ ಅಂಚು ಹಿಡಿದು ಮಂಡಿಯೂರಿದ್ದ, ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು. ನೆಲದ ಮೇಲೆ ಕಚ್ಚಿದ ಕ್ಯಾರೆಟ್ಟು ಬಿದ್ದಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ಆಸ್ಪತ್ರೆ ಮುಟ್ಟುವವರೆಗೂ ಆಟೋದಲ್ಲಿ ಅವನ ಬೆನ್ನು ನೀವುತ್ತಲೇ ಉಗಿದು ಉಪ್ಪಿನಕಾಯಿ ಹಾಕಿದಳು. ನಡುವೆ ಒಮ್ಮೆ ಮಾತು ನಿಲ್ಲಿಸಿ ಮುಖ ಆಚೆ ತಿರುಗಿಸಿಕೊಂಡಳು. ಬೈಗುಳಕ್ಕಿಂತ ಅವನಿಗೆ ಅದು ಹೆಚ್ಚು ನೋವು ಕೊಟ್ಟಿತು.

ಬಾಯಿಂದ ನಳಿಕೆ ಇಳಿಸಿ ಆ ತುಂಡನ್ನು ತೆಗೆದರು. ಅಂಗಿಯ ಗುಂಡಿಯಷ್ಟು ದೊಡ್ಡದು. ಮಾರನೆಯ ದಿನ, ಅಂದರೆ ಅವನು ಪೆಟ್ಟಿಗೆಗಳ ಮುಂದೆ ಕೂರಬೇಕಿದ್ದ ಸೋಮವಾರ, ಪಥ್ಯದ ಮೇಡಂ ಹಾಸಿಗೆಯ ಪಕ್ಕಕ್ಕೆ ಬಂದು ಇಷ್ಟು ಅವಸರ ಏನಿತ್ತು ಎಂದು ಕೇಳಿದರು. ಮೊದಲ ಸಲ ಅವನು ತನ್ನ ಕೆಲಸವನ್ನು ಬಿಡಿಸಿ ಹೇಳಿದ. ಎಷ್ಟು ಸಲ ಕಚ್ಚುತ್ತೀರಿ ಎಂದರು. ಎಪ್ಪತ್ತು ಎಂದ. ವಾರಕ್ಕಾ ಎಂದರು. ಒಂದು ಬೆಳಿಗ್ಗೆಗೆ ಎಂದ. ಮೇಡಂ ಪೆನ್ನನ್ನು ಕೆಳಗಿಟ್ಟರು.

“ಇದನ್ನ ಮೊದ್ಲೇ ಹೇಳ್ಬೇಕಿತ್ತಲ್ವಾ? ಫಾರಂ ತುಂಬೋವಾಗ ನಾನು ಕೇಳಿದ್ನಲ್ಲ.”

“ನೀವು ಏನು ತಿಂತೀರಾ ಅಂತ ಕೇಳಿದ್ರಿ ಮೇಡಂ. ಅದು ನಾನು ತಿನ್ನೋದಲ್ಲ.”

ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ಮೂರು ತಿಂಗಳು ತುಂಬಿದ ಮೇಲೆ ಒಂದು ಹೋಳು. ವರ್ಷ ಕಳೆದರೆ ನಾಲ್ಕೋ ಐದೋ. ಎಪ್ಪತ್ತು ಇನ್ನು ಯಾವತ್ತಿಗೂ ಇಲ್ಲ. ಅವನು ತಲೆಯಾಡಿಸಿದ. ಕೆಲಸ ಉಳಿಸಿಕೊಳ್ಳಲೆಂದು ಮಾಡಿಸಿಕೊಂಡ ಆಪರೇಷನ್ನೇ ಕೆಲಸವನ್ನು ತಿಂದುಹಾಕಿತ್ತು, ಇದಕ್ಕೆ ಯಾರನ್ನು ಬೈಯುವುದು? ಬೈಯಲು ಸಿಕ್ಕವನು ಅವನೊಬ್ಬನೇ. ಬಹಳ ಹೊತ್ತು ಬೈದುಕೊಂಡ.

ಅವನು ಗೇಟಿಗೆ ಹೋದ. ತಗಡಿನ ಸೂರು, ಒಂದು ಕುರ್ಚಿ, ದಾರ ಕಟ್ಟಿದ ಪೆನ್ಸಿಲ್ಲು. ಗಾಡಿ ನಂಬರು ಬರೆಯುವುದು ಕಷ್ಟದ ಕೆಲಸವಲ್ಲ, ಅದೇ ಅವನ ಕಷ್ಟವಾಗಿತ್ತು. ಒಳಗಿನಿಂದ ಭಾವಮೈದನ ಜಗಳಗಳು ಕೇಳಿಸುತ್ತಿದ್ದವು. ಮೊಣಕಾಲು ಈಗ ಎಷ್ಟು ಸಲ ಬೇಕಾದರೂ ಮಡಚುತ್ತಿತ್ತು, ಆದರೆ ಕೂರಲು ಎದುರಿಗೆ ಪೆಟ್ಟಿಗೆ ಇರಲಿಲ್ಲ. ಸೀಮೆಸುಣ್ಣದ ತುಂಡೊಂದು ಇನ್ನೂ ಜೇಬಿನಲ್ಲೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ಅಜ್ಜಿಯ ಆರು ಪೆಟ್ಟಿಗೆಗೆ ಎಳೆದ ಎರಡು ಗೆರೆ ಸರಿಯಿತ್ತೋ, ಇಲ್ಲವೋ? ಅಜ್ಜಿ ಈಗ ಪಕ್ಕದ ಮಂಡಿಗೆ ಮಾಲು ಹಾಕುತ್ತಿದ್ದಳು. ದಿನಾ ಬೆಳಿಗ್ಗೆ ಕೈಗಾಡಿ ತಳ್ಳಿಕೊಂಡು ಅವನ ಗೇಟಿನ ಮುಂದೆಯೇ ಹೋಗುತ್ತಿದ್ದಳು, ಕತ್ತು ಸಹ ತಿರುಗಿಸದೆ.

ಮೂರು ತಿಂಗಳು ತುಂಬಿದ ಬೆಳಿಗ್ಗೆ ಹೆಂಡತಿ ಸೌತೆಕಾಯಿಯ ಒಂದು ಹೋಳನ್ನು ಹೆಬ್ಬೆರಳ ಉಗುರಿಗೆ ಹಿಡಿದು ಅಳೆದು, ತಟ್ಟೆಯಲ್ಲಿಟ್ಟು ಅವನ ಮುಂದೆ ತಂದಳು. ಅವನು ಬೇಡವೆಂದ. ತಿನ್ನುತ್ತೇನೆ, ಆದರೆ ಇದನ್ನಲ್ಲ ಎಂದ. ಅವಳು ಅವನ ಮುಖವನ್ನೇ ನೋಡಿ, ಯಾಕೆ ಎಂದು ಕೇಳದೆ, ತರಕಾರಿ ಹೆಚ್ಚುವ ಸಣ್ಣ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಅವನ ಜೇಬಿಗಿಟ್ಟಳು. ಮೂವತ್ತು ಸಲ ಎಂದು ಮಾತ್ರ ನೆನಪಿಸಿದಳು.

ಕೈಗಾಡಿ ಬಂದಾಗ ಅವನು ಕುರ್ಚಿಯಿಂದೆದ್ದು ಅಡ್ಡ ನಿಂತ. “ಅಜ್ಜಿ, ಒಂದು ಕಾಯಿ ಕೊಡ್ತೀರಾ?”

“ಉಗಿಯೋಕಾ?”

ಹಿಂದೆ ಒಳಗೆ ಹೋಗಲು ಸಾಲುಗಟ್ಟಿದ್ದ ಗಾಡಿಗಳು ನಿಂತವು. ಹಮಾಲರೂ ನಿಂತರು. ಯಾರ ಬಾಯಿಗೆ ಹೆದರಿ ಕಲ್ಲಿನ ಕಥೆ ಕಟ್ಟಿದ್ದನೋ ಅವರೆಲ್ಲರ ಎದುರಿಗೇ ಅವನು ಹೇಳಿದ. “ಕಲ್ಲು ತೆಗೆಸ್ದೆ ಅಂದಿದ್ದು ಸುಳ್ಳು. ತಿಂದು ತಿಂದು ಏಳೋಕೆ ಆಗ್ತಿರ್ಲಿಲ್ಲ, ಹೊಟ್ಟೆ ಕತ್ತರಿಸ್ಕೊಂಡೆ. ಇನ್ಮೇಲೆ ದಿನಕ್ಕೆ ಒಂದೇ ಒಂದು ಹೋಳು ನುಂಗಬಹುದು ಅಂದಿದಾರೆ. ಇವತ್ತೇ ಮೊದ್ಲು. ಅದು ನಿಮ್ಮದಾಗ್ಲಿ ಅಂತ.”

ಯಾರೂ ನಗಲಿಲ್ಲ. ಅಜ್ಜಿ ಒಂದು ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಮೇಲಿನ ಕಾಯಿಗಳನ್ನು ಸರಿಸಿ, ಅದರ ಅಡಿಯಿಂದ ಒಂದನ್ನು ತೆಗೆದುಕೊಟ್ಟಳು. ಅವನು ಅವಳ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ನಡುವಿನಿಂದ ತೆಗೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಆದರೆ ಅವನು ಎಂದಿನಂತೆ, ಕಹಿ ಮೊದಲು ಸೇರುವ ತೊಟ್ಟಿನ ಕಡೆಯಿಂದಲೇ ಮುರಿದ. ಸಿಪ್ಪೆ ಹೆರೆದು, ಬೀಜ ಕೆರೆದು, ಉಗುರಿನಷ್ಟು ಹೋಳು ಮಾಡಿ ಬಾಯಿಗಿಟ್ಟುಕೊಂಡ. ಕುರುಂ ಎಂದಿತೋ ಇಲ್ಲವೋ, ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ಐದು, ಆರು ಅಗಿಯುವವರೆಗೆ ತಂಪಾಗಿ, ಚೆನ್ನಾಗಿತ್ತು. ಹತ್ತಕ್ಕೆ ಕಹಿ ಎದ್ದಿತು. ಹಿಂದಾಗಿದ್ದರೆ ಮೂರು ಸಲ ಹಲ್ಲಾಡಿಸಿ ನುಂಗಿ ಆಚೆ ದಾಟಿಬಿಡುತ್ತಿದ್ದ. ಈಗ ಇನ್ನೂ ಇಪ್ಪತ್ತು ಬಾಕಿ. ಹದಿನೈದಕ್ಕೆ ಕಹಿ ನಾಲಗೆಯ ಪಕ್ಕಗಳಿಗೆ ಹರಡಿತು. ಇಪ್ಪತ್ತಕ್ಕೆ ಕಿವಿಯ ಬುಡದವರೆಗೆ ಹೋಯಿತು. ಟವೆಲ್ಲು ಹೆಗಲ ಮೇಲೇ ಇತ್ತು. ಮೂರು ತಿಂಗಳು ಕಾದದ್ದು, ಇಡೀ ದಿನಕ್ಕೆ ಅವನ ಪಾಲಿನದು ಇದೊಂದೇ, ಇದೂ ಕಹಿಯೇ ಎಂದು ಅವನಿಗೆ ಅಳು ಬರುವ ಹಾಗಾಯಿತು. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವನು ಮೂವತ್ತನ್ನೂ ಅಗಿದ, ಮುಖ ಕೆಡಿಸಿಕೊಳ್ಳದೆ. ನುಂಗಿದ. ಎದೆಯ ಮೇಲೆ ಕೈಯಿಟ್ಟು ಕಾದ. ಇಳಿಯಿತು.

“ಕಹಿ, ಅಜ್ಜಿ.”

ಅಜ್ಜಿ ಅವನ ಕೈಯಿಂದ ಉಳಿದ ಕಾಯಿ ತೆಗೆದುಕೊಂಡು, ಇದ್ದ ನಾಲ್ಕು ಹಲ್ಲಿನಲ್ಲಿ ಕಚ್ಚಿ ಅಗಿದಳು, ನುಂಗಿದಳು. ಹೌದೆಂದು ತಲೆಯಾಡಿಸಿದಳು. ಆಮೇಲೆ ಅಂದಳು, “ಅವತ್ತಿಂದು ಕಹಿ ಇರ್ಲಿಲ್ಲ ಕಣಪ್ಪಾ. ಒಂದು ಗೆರೆ ಮಾಲು. ಮನೇಲಿ ನಾವೇ ತಿಂದ್ವಿ.”

ಅವನು ಅದನ್ನೂ ನುಂಗಿಕೊಂಡ. “ಅವತ್ತು ನಂಗೆ ಗೊತ್ತಾಗ್ಲಿಲ್ಲ ಅಜ್ಜಿ. ಸುಳ್ಳು ಗೆರೆ ಎಳ್ದೆ. ತಪ್ಪಾಯ್ತು.”

ಅಜ್ಜಿ ಪೆಟ್ಟಿಗೆಯನ್ನು ಅವನ ಕಡೆಗೆ ತಿರುಗಿಸಿ, “ಹಾಕು” ಎಂದಳು. ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ಕತ್ತರಿ ಗುರುತು ಹಾಕಿದ. ಅಜ್ಜಿ ಅದನ್ನು ಅಳಿಸಲಿಲ್ಲ. ಆ ಪೆಟ್ಟಿಗೆಯನ್ನು ದನದ ಪಾಲಿಗೆಂದು ಬೇರೆ ಇಟ್ಟುಕೊಂಡು, ಉಳಿದದ್ದನ್ನೂ ಪಕ್ಕದ ಮಂಡಿಗೆ ಒಯ್ಯದೆ, ಗಾಡಿಯನ್ನು ಬಂದ ದಾರಿಗೇ ತಿರುಗಿಸಿದಳು.

ಕುರುಮಣ್ಣ ಏಳಲು ಹೊರಟವನು ಎದುರಿಗೆ ನೋಡಿದ. ಸಾಲಿನಲ್ಲಿದ್ದ ಬೆಳೆಗಾರನೊಬ್ಬ ಮಾತಿಲ್ಲದೆ ತನ್ನ ಪೆಟ್ಟಿಗೆಯನ್ನು ತಂದು ಅವನ ಮುಂದೆ ಇಳಿಸಿದ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ನೋಡುತ್ತಿದ್ದಂತೆ ಗೇಟಿನಿಂದ ರಸ್ತೆಯವರೆಗೆ ಪೆಟ್ಟಿಗೆಗಳು ಸಾಲಾದವು. ಮೂರು ತಿಂಗಳಿಂದ ಅವನು ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಇದೇ ಸಾಲು. ಅವನು ಚಾಕುವನ್ನು ಟವೆಲ್ಲಿನಲ್ಲಿ ಒರೆಸಿ, ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

“ಇವತ್ತಿಂದು ಮುಗೀತು” ಎಂದ. “ನಾಳೆ ಇನ್ನೊಂದು.”

ಮುಂದೆ ನಿಂತಿದ್ದವನು ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿ, ಹಿಂದಿನ ಸಾಲನ್ನು ತಿರುಗಿ ನೋಡಿ, ನಾಳೆ ಯಾರದು ಎಂದು ಕೇಳಿದ.